ತವರುಮನೆಯ ಜಾಡಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ನೋಡಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಸ್ಕ್ಯಾನ್ ಮಾಡಿಸಿ ಎಂದು ನಾನು ಬಾಯಿಬಿಟ್ಟು ಕೇಳಿದೆ, ಜಗಳವಾಡಿದೆ, ಒಂದು ದಿನ ಊಟವನ್ನೂ ಬಿಟ್ಟೆ. ಊಟ ಬಿಟ್ಟಿದ್ದು ಯಾರ ಗಮನಕ್ಕೂ ಬರಲಿಲ್ಲ. ಅಪ್ಪಯ್ಯ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಅಮ್ಮನಿಗೂ ಅಜ್ಜಿಗೂ ಆಗ ದೊಡ್ಡ ಯುದ್ಧ ನಡೆದಿತ್ತು.

ಅಪ್ಪಯ್ಯ ಎಂದರೆ ಪೂರ್ಣೇಶ್. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರ್. ನಾವಿರುವುದು ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಅವನ ಬಸ್ಸಿನ ಹಾರನ್ ಕೇಳಿದರೆ ಸಾಕು, ಅಜ್ಜಿ ತಟ್ಟೆ ತೊಳೆಯುತ್ತಾಳೆ. ಅಪ್ಪಯ್ಯನಿಗೆ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಸ್ಟೇರಿಂಗಿಗೂ ಅವನ ಹೊಟ್ಟೆಗೂ ನಡುವೆ ಟಿಕೆಟ್ ಪುಸ್ತಕ ತೂರಿಸಲೂ ಜಾಗವಿಲ್ಲ ಎಂದು ಕಂಡಕ್ಟರ್ ಜಟ್ಟಪ್ಪ ಹಾಸ್ಯ ಮಾಡುತ್ತಿದ್ದ. ಅಜ್ಜಿ ಜಲಜಮ್ಮನಿಗೆ ಆ ಹೊಟ್ಟೆಯ ಮೇಲೆ ಬಹಳ ಹೆಮ್ಮೆ. ಅದು ಅವಳ ಗಂಡ ಹೂವಯ್ಯನ ಹೊಟ್ಟೆಯಂತೆ. ಉಂಡು ತಿಂದು ಇದ್ದ ಮನೆಯ ಗುರುತಂತೆ. ಆ ಹೂವಯ್ಯಜ್ಜ ಐವತ್ತು ತುಂಬುವುದರೊಳಗೆ ತೀರಿಕೊಂಡಿದ್ದ. ಅವನ ಅಣ್ಣನೂ ಹಾಗೆಯೇ ಹೋಗಿದ್ದ, ಅವನಿಗೂ ಅದೇ ಹೊಟ್ಟೆ ಇತ್ತು. ಆದರೂ ನಮ್ಮವರು ಹೊಟ್ಟೆಯನ್ನೂ ಸಾವನ್ನೂ ಒಟ್ಟಿಗೆ ಇಟ್ಟು ಒಂದು ಸಲವೂ ನೋಡಿರಲಿಲ್ಲ.

ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಬಿ.ಪಿ. ನೋಡಿದ ಡಾಕ್ಟರು ಸ್ಕ್ಯಾನಿಗೆ ಬರೆದುಕೊಟ್ಟರು. ಮುಷ್ಟಿಯಷ್ಟಿರಬೇಕಾದ ಕಿಡ್ನಿ ಎರಡೂ ಕಡೆ ಮುಂಗೈಯುದ್ದ ಬೆಳೆದಿತ್ತು. ಒಳಗೆಲ್ಲ ನೀರುಗುಳ್ಳೆಗಳು, ಚಿಕ್ಕವು, ದೊಡ್ಡವು, ಒಂದರ ಮೇಲೊಂದು. ನಾವು ಇಷ್ಟು ವರ್ಷ ನಗುತ್ತಿದ್ದ ಹೊಟ್ಟೆ ಹೊಟ್ಟೆಯೇ ಆಗಿರಲಿಲ್ಲ.

ಕಿಡ್ನಿಯ ಡಾಕ್ಟರ್ ಕೃಷ್ಣಕುಮಾರ್ ಶಿವಮೊಗ್ಗದಿಂದ ಶನಿವಾರ ತೀರ್ಥಹಳ್ಳಿಗೆ ಬರುತ್ತಾರೆ. ಅಪ್ಪಯ್ಯ ಬಸ್ಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎರಡು ಟ್ರಿಪ್ಪಿನ ನಡುವೆ ಬಿಡುವು ಮಾಡಿಕೊಂಡು ಬಂದ. ಅಮ್ಮನೂ ನಾನೂ ಅದೇ ಬಸ್ಸಿನಲ್ಲಿ ಬಂದೆವು. ಡಾಕ್ಟರು ರಿಪೋರ್ಟ್ ನೋಡಿ, ಅಪ್ಪಯ್ಯನ ಹೊಟ್ಟೆ ಒತ್ತಿ ನೋಡಿ, "ಮೊದಲು ಉಪ್ಪು ಕಮ್ಮಿ ಮಾಡಿ. ನೀರು ಚೆನ್ನಾಗಿ ಕುಡೀರಿ. ಬಿ.ಪಿ. ಮಾತ್ರೆ ಒಂದಿನಾನೂ ತಪ್ಪಿಸಬೇಡಿ" ಎಂದರು. ಅಮ್ಮ ತಲೆಯಾಡಿಸಿದಳು. ಎಲ್ಲಾ ಡಾಕ್ಟರೂ ಹೇಳುವ ಮಾತಿಗೆ ಎಲ್ಲರೂ ಆಡಿಸುವ ತಲೆ ಅದು.

ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. "ಅದು ಯಾಕೆ ಸರ್ ಬೆಳೀತಾನೇ ಹೋಗ್ತದೆ?" ಎಂದು ಕೇಳಿದೆ.

ಅವರಿಗೆ ಖುಷಿಯಾಯಿತು. ಆ ಪ್ರಶ್ನೆ ಯಾರೂ ಕೇಳುವುದಿಲ್ಲವೇನೋ. "ಇವರಿಗೆ ಇವರ ತಂದೆಯಿಂದ ಒಂದು ಕೆಟ್ಟ ಜೀನ್ ಬಂದಿದೆಯಮ್ಮ. ಅದರಿಂದ ಕಿಡ್ನಿಯ ಸಣ್ಣ ಕೊಳವೆಗಳಲ್ಲಿರೋ ಕೆಲವು ಜೀವಕೋಶಗಳ ಊಟದ ರೀತಿನೇ ಬದಲಾಗಿಬಿಡುತ್ತೆ. ಸರಿಯಾಗಿರೋ ಜೀವಕೋಶ ಹೆಚ್ಚಾಗಿ ಕೊಬ್ಬನ್ನ ಉರಿಸಿ, ಪೂರ್ತಿ ಉರಿಸಿ, ಶಕ್ತಿ ತೆಗೆಯುತ್ತೆ. ಈ ಗುಳ್ಳೆಯ ಜೀವಕೋಶ ಕೊಬ್ಬನ್ನ ಸರಿಯಾಗಿ ಉರಿಸಲ್ಲ, ಸಕ್ಕರೆ ಮೇಲೆ ಬೀಳುತ್ತೆ. ಅದನ್ನೂ ಅರ್ಧಂಬರ್ಧ ಉರಿಸಿ ಬಿಡುತ್ತೆ. ಅದಕ್ಕೇ ಅದಕ್ಕೆ ಎಷ್ಟು ಸಕ್ಕರೆ ಸಿಕ್ಕಿದ್ರೂ ಸಾಲಲ್ಲ."

ಅಂಗಿ ಬಿಚ್ಚಿ ಕೂತಿದ್ದ ಅಪ್ಪಯ್ಯ ಮೊದಲ ಸಲ ಬಾಯಿ ತೆರೆದ. "ಕಪ್ಪು ಹೊಗೆ ಬಿಡೋ ಗಾಡಿ ಅನ್ನಿ. ಡೀಸೆಲ್ ಡಬಲ್ ಕುಡೀತದೆ, ಎಳೆಯೋದಿಲ್ಲ."

"ಸರಿಯಾಗಿ ಹೇಳಿದ್ರಿ. ಒಂದೇ ವ್ಯತ್ಯಾಸ, ಆ ಗಾಡಿ ಮರಿ ಹಾಕಲ್ಲ, ಇದು ಹಾಕುತ್ತೆ." ಡಾಕ್ಟರು ನಕ್ಕರು. ಅರ್ಧ ಉರಿದು ಉಳಿದದ್ದರಲ್ಲೇ ಹೊಸ ಜೀವಕೋಶ ಕಟ್ಟಿಕೊಳ್ಳುತ್ತದೆ, ಒಂದು ಎರಡಾಗುತ್ತದೆ, ಒಳಗೆ ನೀರು ತುಂಬಿಕೊಳ್ಳುತ್ತದೆ ಎಂದರು.

"ಹಂಗಾರೆ ಸಕ್ಕರೆ ನಿಲ್ಸಿಬಿಟ್ರೆ?" ಅಮ್ಮ ಕೇಳಿದಳು.

"ಇಲಿಗಳಿಗೆ ಆಹಾರ ಕಮ್ಮಿ ಮಾಡಿ ನೋಡಿದಾರೆ. ಗುಳ್ಳೆ ಬೆಳೆಯೋದು ನಿಧಾನ ಆಗಿದೆ. ಮನುಷ್ಯರಲ್ಲಿ ಇನ್ನೂ ಪರೀಕ್ಷೆ ನಡೀತಿದೆ. ನೀವಾಗಿ ಏನೂ ಮಾಡೋಕೆ ಹೋಗಬೇಡಿ."

ಅಮ್ಮ 'ನಿಧಾನ ಆಗಿದೆ' ಎನ್ನುವಲ್ಲಿಗೆ ಕೇಳುವುದನ್ನು ನಿಲ್ಲಿಸಿದ್ದಳು. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೇಮಾವತಿ ಎಂಬ ಹೆಸರಿನ ನನ್ನ ಅಮ್ಮನಿಗೆ ಬೇಕಾಗಿದ್ದು ಒಬ್ಬ ಶತ್ರು. ಸಕ್ಕರೆ ಸಿಕ್ಕಿತ್ತು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ಮಗಳು ಒಬ್ಬಳೇನಾ? ವಯಸ್ಸೆಷ್ಟು?" ಇಪ್ಪತ್ತು ಎಂದೆ. "ಇದು ತಂದೆ ತಾಯಿಯಿಂದ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಇವಳಿಗೂ ಒಂದು ಸ್ಕ್ಯಾನ್..."

"ಬಸ್ ಹೊರಡೋ ಹೊತ್ತಾಯ್ತು" ಎಂದು ಅಮ್ಮ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ಆ ಬಸ್ಸಿನ ಡ್ರೈವರ್ ಅಂಗಿ ಬಿಚ್ಚಿಕೊಂಡು ಅಲ್ಲೇ ಡಾಕ್ಟರ ಎದುರಿಗೆ ಕೂತಿದ್ದ.

ನಗು ಬರಬೇಕಾಗಿತ್ತು. ನನಗೆ ಬರಲಿಲ್ಲ. ಅರ್ಧಕ್ಕರ್ಧ ಎನ್ನುವುದು ಕಿವಿಯಲ್ಲಿ ಕೂತಿತು. ಅವತ್ತಿನಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ಕೈ ಬಿಟ್ಟು ಪಕ್ಕೆ ಒತ್ತಿ ನೋಡಿಕೊಳ್ಳುವುದು, ಬಲಗಡೆ ಏನೋ ಗಟ್ಟಿ ಇದ್ದಂತಾಗುವುದು, ಎಡಗಡೆಯೂ ಹಾಗೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು, ಎರಡೂ ಕಡೆ ಬರುವ ಕಾಯಿಲೆ ಎಂದು ಮರುಕ್ಷಣವೇ ನೆನಪಾಗುವುದು. ಬಚ್ಚಲಿಗೆ ಹೋದರೆ ಮೂತ್ರದ ಬಣ್ಣ ನೋಡುವುದು. ಬಸ್‌ಸ್ಟ್ಯಾಂಡಿನಲ್ಲಿ ಅಮ್ಮಂದಿರ ಪಕ್ಕ ನಿಂತ ಹೆಣ್ಣುಮಕ್ಕಳನ್ನು ನೋಡಿ ಯಾರ ಹಾಗೆ ಇದ್ದಾರೆ ಎಂದು ಹುಡುಕುವುದು. ನಾನು ಅಪ್ಪಯ್ಯನ ಹಾಗೆ ಇದ್ದೇನೆ ಎಂದು ಹುಟ್ಟಿದಾಗಿನಿಂದ ಎಲ್ಲರೂ ಹೇಳಿದ್ದಾರೆ. ಮೂಗು, ಹಣೆ, ಸಿಟ್ಟು. ಮೊದಲು ಆ ಮಾತು ಕೇಳಿದರೆ ಸಂತೋಷವಾಗುತ್ತಿತ್ತು.

ಸ್ಕ್ಯಾನ್ ವಿಷಯ ಎತ್ತಿದರೆ ಅಜ್ಜಿ ಬಾಗಿಲು ಹಾಕಿಬರುತ್ತಿದ್ದಳು. "ಮದುವೆ ಆಗ್ದಿರೋ ಹುಡುಗಿ ಹೊಟ್ಟೆ ಸ್ಕ್ಯಾನ್ ಮಾಡ್ಸದು ಅಂದ್ರೆ ಎಂತ ಹೆಣ್ಣೆ? ಅಲ್ಲಿ ಎಂತ ಬೋರ್ಡ್ ಹಾಕಿರ್ತಾರೆ ಗೊತ್ತುಂಟಾ? ಗಂಡು ಹೆಣ್ಣು ಹೇಳದಿಲ್ಲ ಅಂತ! ಅದ್ರ ಕೆಳಗೆ ನೀನು ಹೋಗಿ ಕೂರೋದಾ? ಊರಿಗೆಲ್ಲ ಎಂತ ಹೇಳ್ಲಿ ನಾನು?" ಈ ಒಂದು ವಿಷಯದಲ್ಲಿ ಮಾತ್ರ ಅತ್ತೆ ಸೊಸೆ ಒಂದಾಗಿದ್ದರು. ಅಮ್ಮ ಒಳಗಿನಿಂದ, "ನಿಂಗೆ ಎಂತದೂ ಇಲ್ಲ ಧನ್ಯ, ಸುಮ್ನಿರು" ಎನ್ನುತ್ತಿದ್ದಳು. ಅಪ್ಪಯ್ಯ ಟಿ.ವಿ. ವಾಲ್ಯೂಮ್ ಜೋರು ಮಾಡುತ್ತಿದ್ದ.

ಯುದ್ಧ ಶುರುವಾಗಿದ್ದು ಬೆಲ್ಲದಿಂದ. ನಮ್ಮ ಅಜ್ಜಿಯ ಹತ್ತಿರ ಒಂದು ಡಬ್ಬ ಇದೆ, ಜೋನಿ ಬೆಲ್ಲದ್ದು. ಜೇನಿನ ಹಾಗೆ ಸುರಿಯುವ ನೀರುಬೆಲ್ಲ. ದೋಸೆಗೆ ಅದು, ಕಡುಬಿಗೆ ಅದು, ಬಿಸಿಲಲ್ಲಿ ಬಂದವರಿಗೆ ಕುಡಿಯಲು ಕೊಡುವ ನೀರಿಗೂ ಅದು. ಅಮ್ಮ ಆ ಡಬ್ಬವನ್ನು ತನ್ನ ಸೀರೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕಡುಬು ನಿಂತಿತು. ಅನ್ನ ಒಂದು ಹಿಡಿಗೆ ಇಳಿಯಿತು. ಅನ್ನವೂ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದು ಅವಳಿಗೆ ಮೊಬೈಲ್ ಹೇಳಿತ್ತು. ಅಪ್ಪಯ್ಯ ಮೊಟ್ಟೆ, ಸೊಪ್ಪು, ಹುರಿದ ಕಾಯಿಚೂರು ತಿಂದುಕೊಂಡು ಹಸಿದ ಮುಖದಲ್ಲಿ ಡ್ಯೂಟಿಗೆ ಹೋಗುತ್ತಿದ್ದ.

ಬರಿ ಸಪ್ಪೆ ತಿಂದು ಮನುಷ್ಯ ಎಷ್ಟು ದಿನ ಇದ್ದಾನು? ನಾಲಗೆಗೆ ಏನಾದರೂ ಬೇಕು. ಅದಕ್ಕೆ ಅಮ್ಮನ ಹತ್ತಿರ ತಯಾರಾಗಿ ಉತ್ತರವಿತ್ತು. ಅವಳ ತವರುಮನೆ ಸಾಗರದ ಆಚೆ, ವರದಮೂಲದ ಹತ್ತಿರ. ಅಲ್ಲಿಂದ ಗಣೇಶ ಮಾವ ಪ್ರತಿವರ್ಷ ಅಪ್ಪೆಮಿಡಿ ಉಪ್ಪಿನಕಾಯಿಯ ದೊಡ್ಡ ಜಾಡಿ ಕಳಿಸುತ್ತಾನೆ. ಬೆರಳಿನಷ್ಟು ಎಳೆಯ ಮಾವಿನ ಮಿಡಿ, ಸೊನೆಯ ಪರಿಮಳ, ಕಣ್ಣಿಗೆ ನೀರು ಬರುವ ಉಪ್ಪು. ಕಳಿಸುವುದು ಹೇಗೆ? ಸಾಗರದ ಬಸ್‌ಸ್ಟ್ಯಾಂಡಿಗೆ ತಂದು ಡ್ರೈವರನ ಕೈಗೆ ಕೊಡುವುದು. ಆ ಡ್ರೈವರ್ ನಮ್ಮ ಅಪ್ಪಯ್ಯನೇ. ಗೋಣಿಚೀಲ ಸುತ್ತಿದ ಜಾಡಿಯನ್ನು ಎಂಜಿನ್ನಿನ ಬಾನೆಟ್ ಪಕ್ಕ ಇಟ್ಟುಕೊಂಡು, ತಿರುವಿನಲ್ಲಿ ಬಲಗೈಯಲ್ಲಿ ಸ್ಟೇರಿಂಗ್, ಎಡಗೈಯಲ್ಲಿ ಜಾಡಿ ಹಿಡಿದು, ಹೆಂಡತಿಯ ತವರಿನ ಮಾನವನ್ನು ಒಡೆಯದೆ ಮನೆಗೆ ತಂದು ಮುಟ್ಟಿಸುತ್ತಿದ್ದ.

"ಸಕ್ಕರೆ ಒಂದು ಹರಳೂ ಇಲ್ಲ ಇದ್ರಲ್ಲಿ. ಎಷ್ಟು ಬೇಕಾರೂ ತಿನ್ನಿ" ಎಂದು ಅಮ್ಮ ಅವನ ತಟ್ಟೆಗೆ ಮಿಡಿ ಹಾಕುತ್ತಿದ್ದಳು, ರಸ ಸುರಿಯುತ್ತಿದ್ದಳು. ಮೊಟ್ಟೆಗೂ ಅದೇ, ಸೊಪ್ಪಿಗೂ ಅದೇ. ಜೊತೆಗೆ ಒಣಮೀನು ಸುಟ್ಟು ಕೊಡುತ್ತಿದ್ದಳು. ಡ್ಯೂಟಿಗೆ ಒಂದು ಚಿಕ್ಕ ಡಬ್ಬಿಯಲ್ಲಿ ಮಿಡಿ ಕಟ್ಟಿಕೊಡುತ್ತಿದ್ದಳು. ಅಪ್ಪಯ್ಯ ಗೇರು ಬದಲಿಸುವಾಗ ಒಂದು ಮಿಡಿ ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದನಂತೆ. ಬಾಯಾರಿಕೆಯಾದರೂ ನೀರು ಕುಡಿಯುತ್ತಿರಲಿಲ್ಲ. ನಡುವೆ ಬಸ್ ನಿಲ್ಲಿಸಿ ಮರದ ಮರೆಗೆ ಹೋದರೆ ಲೇಡೀಸ್ ಸೀಟಿನವರು ಏನೆಂದುಕೊಂಡಾರು ಎಂಬ ಸಂಕೋಚ ಇಪ್ಪತ್ತು ವರ್ಷದ ಸರ್ವಿಸಿನಲ್ಲೂ ಹೋಗಿರಲಿಲ್ಲ.

ಅಪ್ಪಯ್ಯನ ಕೆನ್ನೆ ಇಳಿಯಿತು. ಅಮ್ಮ ಗೆದ್ದವಳ ಹಾಗೆ ಓಡಾಡಿದಳು. "ನೋಡಿ, ಗುಳ್ಳೆಗಳು ಹಸಿದು ಸಾಯ್ತಿದಾವೆ" ಎಂದಳು. ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು, "ಗುಳ್ಳೆ ಸಾಯ್ತದೋ ನನ್ನ ಮಗ ಸಾಯ್ತಾನೋ ಯಾರಿಗೆ ಗೊತ್ತು" ಎಂದು ಗೊಣಗಿದಳು. ನಾನು ಇಬ್ಬರ ನಡುವೆ ತಿರುಗಿ ತಿರುಗಿ ಸಾಕಾಗಿ, "ಅಪ್ಪಯ್ಯನ್ನ ನೋಡಿದ್ದು ಸಾಕು, ನನ್ನನ್ನ ಯಾವಾಗ ನೋಡ್ತೀರ?" ಎಂದೆ. ಇಬ್ಬರೂ ಒಟ್ಟಿಗೆ, "ಸುಮ್ನಿರು" ಎಂದರು.

ಹಿರಿಯರಿಗೆ ಎಡೆ ಇಡುವ ದಿನ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾದು, ಆಮೇಲೆ ಆ ಎಲೆಯ ಊಟವನ್ನು ಮನೆಯ ಮಗ ಉಣ್ಣುವುದು ನಮ್ಮ ಕಡೆ ಪದ್ಧತಿ. ಅಜ್ಜಿ ಬೆಳಿಗ್ಗೆಯೇ ಅಮ್ಮನ ಎದುರು ಕೈ ಚಾಚಿ ನಿಂತಳು. "ಬೀಗದ ಕೈ ಕೊಡು."

"ಎಂತಕ್ಕೆ ಅತ್ತೆ?"

"ಅವರಿಗೆ ಜೋನಿ ಬೆಲ್ಲ ಬಡಿಸ್ದೆ ಎಡೆ ಆಗದಿಲ್ಲ."

"ಎಡೆಗೆ ಇಡಿ. ಇವ್ರು ತಿನ್ನದಿಲ್ಲ."

ಅಜ್ಜಿ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ನಿನ್ ಮಾವನಿಗೂ ಹೀಂಗೇ ಪಥ್ಯ ಹೇಳಿದ್ರು ಕಣೆ. ಅದು ಬೇಡ ಇದು ಬೇಡ ಅಂತ. ಕೊನೆ ದಿನ ಒಂದು ದೋಸೆ, ಒಂಚೂರು ಬೆಲ್ಲ ಹಾಕಿ ಕೊಡೆ ಜಲಜ ಅಂದ್ರು. ನಾನು ಕೊಡ್ಲಿಲ್ಲ. ಡಾಕ್ಟ್ರು ಬೇಡ ಅಂದಿದಾರೆ ಅಂದೆ. ಬೆಳಗಾಗೋದ್ರೊಳಗೆ ಹೋದ್ರು. ಕೊಡದೇ ಇದ್ದಿದ್ದಕ್ಕೆ ಬದುಕಿದ್ರಾ? ಇಲ್ಲ. ಕೊಟ್ಟಿದ್ರೆ ತಿಂದು ಹೋಗ್ತಿದ್ರು."

ಅಮ್ಮ ಬೀಗದ ಕೈ ಕೊಟ್ಟಳು. ಕೊಟ್ಟು ಅಡಿಗೆಮನೆಗೆ ಹೋಗಿ ಅತ್ತಳು. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೂವಯ್ಯಜ್ಜನಿಗೆ ಇದ್ದದ್ದು ಇದೇ ಕಾಯಿಲೆ ಎಂದು ಆ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತಿತ್ತು. ಅಜ್ಜನಿಂದ ಅಪ್ಪಯ್ಯನಿಗೆ ಬಂತು. ಅಪ್ಪಯ್ಯನಿಂದ ಮುಂದೆ ಎಲ್ಲಿಗೆ ಎಂದು ಕೇಳಲು ಒಬ್ಬರಿಗೂ ಬಾಯಿಲ್ಲ.

ಅಪ್ಪಯ್ಯ ಎಡೆಯ ಎಲೆಯ ಮುಂದೆ ಕೂತ. ಅಜ್ಜಿ ಜೋನಿ ಬೆಲ್ಲ ಬಡಿಸಿದ್ದಳು. ಅಮ್ಮ ಬಂದು, ಅಳುತ್ತಲೇ, ಆ ಬೆಲ್ಲದ ಪಕ್ಕದಲ್ಲಿ ಒಂದು ಸೌಟು ಮಿಡಿ ಉಪ್ಪಿನಕಾಯಿ ಸುರಿದು ಹೋದಳು. ಅವನು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಯಾರಿಗೂ ಬೇಸರವಾಗದಿರಲಿ ಎಂದು ಎರಡನ್ನೂ ನೆಕ್ಕಿ ನೆಕ್ಕಿ ಖಾಲಿ ಮಾಡಿದ. ನನ್ನ ಅಪ್ಪಯ್ಯ ಅಂಥವನು.

ಮಾರನೆಯ ದಿನ ಸಾಗರದ ಟ್ರಿಪ್ಪಿನಲ್ಲಿ, ಬಟ್ಟೆಮಲ್ಲಪ್ಪ ಇನ್ನೂ ದೂರವಿರುವಾಗಲೇ, ಅವನು ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಸ್ಟೇರಿಂಗ್ ಮೇಲೆ ತಲೆಯಿಟ್ಟ. ಮೂಗಿನಿಂದ ರಕ್ತ. ರಸ್ತೆ ಎರಡಾಗಿ ಕಾಣುತ್ತಿದೆ ಎಂದನಂತೆ. ಜಟ್ಟಪ್ಪ ನನಗೆ ಫೋನ್ ಮಾಡಿದ. "ಹೆದ್ರಬೇಡ ತಂಗಿ, ಪೂರ್ಣೇಶಣ್ಣ ಗಾಡಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೇ ತಲೆ ಇಟ್ಟಿದ್ದು. ಒಬ್ಬರಿಗೂ ಎಂತದೂ ಆಗಿಲ್ಲ." ನಾನು ಚಪ್ಪಲಿ ಇಲ್ಲದೆ ಬಸ್‌ಸ್ಟ್ಯಾಂಡಿಗೆ ಓಡಿದ್ದೆ, ಯಾಕೆ ಓಡಿದೆ ಎಂದು ಅಲ್ಲಿ ಹೋದ ಮೇಲೂ ಗೊತ್ತಾಗಲಿಲ್ಲ. ಬಸ್ಸೇ ಬರದ ದಿನ ಅದು.

ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸಿ ಕಳಿಸಿದರು. ಶನಿವಾರ ಮತ್ತೆ ಡಾಕ್ಟರ್ ಕೃಷ್ಣಕುಮಾರರ ಎದುರು ಕೂತೆವು, ಈ ಸಲ ಅಜ್ಜಿಯೂ ಬಂದಿದ್ದಳು. ಹೊಸ ರಕ್ತಪರೀಕ್ಷೆ ನೋಡಿ ಅವರ ಮುಖ ಗಂಟಾಯಿತು. ಏನೇನು ತಿನ್ನುತ್ತಿದ್ದೀರಿ ಎಂದು ಕೇಳಿದರು. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಅನ್ನ ಒಂದು ಹಿಡಿ, ಎಡೆಯ ದಿನ ಮಾತ್ರ ತಪ್ಪಿತು, ಅದು ಅತ್ತೆಯ ಹಟ.

"ಮತ್ತೆ ನೆಂಚಿಕೊಳ್ಳೋಕೆ?"

"ಮಿಡಿ ಉಪ್ಪಿನಕಾಯಿ. ನಮ್ ತವರುಮನೆದು."

"ಎಷ್ಟು?"

ಅಪ್ಪಯ್ಯ ನೆಲ ನೋಡುತ್ತಾ, "ಜಾಡಿ ತಳ ಕಂಡಿದೆ ಸಾರ್" ಎಂದ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ನಾನು ಮೊದಲು ಹೇಳಿದ್ದೇನು? ಉಪ್ಪು. ಸಕ್ಕರೆಯ ವಿಷಯ ಇನ್ನೂ ಹುಡುಕಾಟದಲ್ಲಿದೆ, ಉಪ್ಪಿನದು ಗೊತ್ತಿರೋ ವಿಷಯ. ಅರೆಹೊಟ್ಟೆ ಹಾಕಿದೀರ, ನೀರಿಲ್ಲ, ಮೇಲೆ ಜಾಡಿಗಟ್ಟಲೆ ಉಪ್ಪು. ಗುಳ್ಳೆ ಉಪವಾಸ ಬಿದ್ದಿಲ್ಲ. ಇವರು ಬಿದ್ದಿದಾರೆ."

"ನೀವು ಸಕ್ಕರೆ ಅಂದ್ರಿ" ಎಂದಳು ಅಮ್ಮ, ಚಿಕ್ಕ ಹುಡುಗಿಯ ದನಿಯಲ್ಲಿ.

ನನಗೆ ತಡೆಯಲಾಗಲಿಲ್ಲ. "ಉಪ್ಪು ಅಂತಾನೂ ಅಂದಿದ್ರು. ನಿಂಗೆ ಅಜ್ಜಿ ಡಬ್ಬ ಕಾಣಿಸ್ತು, ನಿನ್ನ ತವರುಮನೆ ಜಾಡಿ ಕಾಣಿಸ್ಲಿಲ್ಲ. ಯಾವುದು ಬೇಡವೋ ಅದು ನಿಂಗೆ ಕಾಣಿಸೋದೇ ಇಲ್ಲ ಅಮ್ಮ. ನಾನೂ ಕಾಣಿಸ್ತಿಲ್ಲ. ಇಷ್ಟು ದಿನದಿಂದ ಎದುರಿಗೇ ಓಡಾಡ್ತಿದೀನಿ!"

ಅಜ್ಜಿ, "ಹೊರಗೆ ಜನ ಇದಾರೆ, ಮೆಲ್ಲಗೆ" ಎಂದಳು. ಇರಲಿ ಎಂದೆ. ಜೋರಾಗಿಯೇ ಎಂದೆ.

ಡಾಕ್ಟರು ಬಿ.ಪಿ. ಪಟ್ಟಿಯನ್ನು ಅಪ್ಪಯ್ಯನ ತೋಳಿನಿಂದ ಬಿಚ್ಚಿ ನನ್ನ ತೋಳಿಗೆ ಸುತ್ತಿದರು. ಗಾಳಿ ತುಂಬಿದರು, ಬಿಟ್ಟರು. ಸಿಟ್ಟು ಇಳಿಯಲಿ ಎಂದು ಸ್ವಲ್ಪ ಹೊತ್ತು ಕೂರಿಸಿ ಇನ್ನೊಮ್ಮೆ ನೋಡಿದರು. ಅವರು ಅಂಕಿಯನ್ನು ಜೋರಾಗಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ಅಪ್ಪಯ್ಯನ ಕಡೆ ತಿರುಗಿಸಿದರು. ಇಪ್ಪತ್ತರ ಹುಡುಗಿಗೆ ಅಷ್ಟು ಇರಬಾರದಂತೆ. ಅಪ್ಪಯ್ಯ ಅದನ್ನು ನೋಡಿ ಅಂಗಿಯ ಗುಂಡಿ ಹಾಕಿಕೊಂಡ. "ಸೋಮವಾರನೇ ಸ್ಕ್ಯಾನ್ ಮಾಡ್ಸೋಣ" ಎಂದ. ಈ ಸಲ ಯಾರೂ ಬಸ್ಸಿಗೆ ಹೊತ್ತಾಯಿತು ಎನ್ನಲಿಲ್ಲ.

ಹೊಸನಗರದಲ್ಲಾದರೆ ಎಲ್ಲರಿಗೂ ಗುರುತು, ಸಾಗರಕ್ಕೆ ಹೋಗೋಣ ಎಂದು ಅಜ್ಜಿಯೇ ತೀರ್ಮಾನಿಸಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ತಾನೂ ಹೊರಟಳು. ನಾಲ್ಕೂ ಜನ ಅಪ್ಪಯ್ಯನದೇ ಬಸ್ಸಿನಲ್ಲಿ ಕೂತೆವು. ಡಾಕ್ಟರು ಅವನಿಗೆ ರಜೆ ಬರೆದುಕೊಟ್ಟಿದ್ದರಿಂದ ಬೇರೆ ಡ್ರೈವರ್ ಓಡಿಸುತ್ತಿದ್ದ. ಅಪ್ಪಯ್ಯ ನನ್ನ ಪಕ್ಕ ಪ್ರಯಾಣಿಕರ ಸೀಟಿನಲ್ಲಿ. ಪ್ರತಿ ತಿರುವಿಗೂ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು, ಇಲ್ಲದ ಬ್ರೇಕಿಗಾಗಿ. ನನ್ನ ಕಾಲೂ ಸುಮ್ಮನಿರಲಿಲ್ಲ. ಸ್ಕ್ಯಾನಿಗೆ ನೀರು ಕುಡಿದು ತಡೆದುಕೊಂಡಿರಬೇಕು ಎಂದಿದ್ದರು. ನಾನು ಒಂದು ಗುಟುಕು ಕುಡಿದರೆ ಅಪ್ಪಯ್ಯ ತನ್ನ ಬಾಟಲಿಯಿಂದ ಒಂದು ಗುಟುಕು ಕುಡಿಯುತ್ತಿದ್ದ. ಬಟ್ಟೆಮಲ್ಲಪ್ಪ ದಾಟಿದ ಮೇಲೆ ಅವನು ಎದ್ದು ನಿಂತು, "ಜಟ್ಟಪ್ಪ, ಒಂದ್ನಿಮಿಷ ನಿಲ್ಸ ಮಾರಾಯ" ಎಂದು, ಲೇಡೀಸ್ ಸೀಟಿನ ಎದುರಿಗೇ ಇಳಿದು ಮರದ ಮರೆಗೆ ಹೋಗಿಬಂದ. ಯಾರೂ ಏನೂ ಅಂದುಕೊಂಡಂತೆ ಕಾಣಲಿಲ್ಲ.

ಸ್ಕ್ಯಾನ್ ಸೆಂಟರಿನ ಗೋಡೆಯ ಮೇಲೆ ಅಜ್ಜಿ ಹೇಳಿದ ಬೋರ್ಡ್ ಇತ್ತು. ಅದರ ಕೆಳಗೆ ಬೆಂಚು. ಬೆಂಚಿನ ತುದಿಯಲ್ಲಿ, ಇಷ್ಟು ದೂರ ಬಂದದ್ದೂ ದಂಡವಾಗುವಂತೆ, ನಮ್ಮದೇ ಬೀದಿಯ ಪುಷ್ಪಮ್ಮ ಕೂತಿದ್ದರು. ಅವರ ಕಣ್ಣು ಬೋರ್ಡಿಗೆ ಹೋಯಿತು, ನನ್ನ ಮುಖಕ್ಕೆ ಬಂತು, ಹೊಟ್ಟೆಗೆ ಇಳಿಯಿತು. "ಎಂತ ಜಲಜಮ್ಮ, ಎಲ್ಲಾ ಸೇರಿ ಬಂದೀರಿ?" ಎಂದರು.

ಅಜ್ಜಿ ಸೆರಗು ಸರಿಮಾಡಿಕೊಂಡಳು. ಹಲ್ಲುನೋವು ಎನ್ನುತ್ತಾಳೋ ಮತ್ತೇನು ಹೇಳುತ್ತಾಳೋ ಎಂದು ಕಾದೆ. "ನಮ್ಮ ಮನೆ ಗಂಡಸ್ರಿಗೆ ಒಂದು ಕಿಡ್ನಿ ಕಾಯಿಲೆ ಉಂಟು ಪುಷ್ಪಮ್ಮ. ನಮ್ಮನೆಯವ್ರು ಅದ್ರಲ್ಲೇ ಹೋದ್ರು. ಮಗನಿಗೂ ಉಂಟು. ಮೊಮ್ಮಗಳಿಗೂ ಉಂಟಾ ಅಂತ ನೋಡ್ಸಕ್ಕೆ ಬಂದಿದೀವಿ" ಎಂದಳು, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ. ಹೇಳಿ ನನ್ನ ಕೈ ಹಿಡಿದುಕೊಂಡಳು.

ಒಳಗೆ ಅಮ್ಮ ನನ್ನ ಜೊತೆ ಬಂದಳು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಡಾಕ್ಟರು ಬಲಗಡೆ ಒತ್ತಿದರು, ತಡೆದರು, ಎಡಗಡೆ ಒತ್ತಿದರು, ತಡೆದರು. ನಾನು ಪರದೆ ನೋಡಲಿಲ್ಲ, ಅಮ್ಮನನ್ನು ನೋಡಿದೆ. ಇಷ್ಟು ದಿನ ನೋಡದ ಅವಳು ಈಗ ಕಣ್ಣು ಮಿಟುಕಿಸದೆ ಪರದೆಯನ್ನೇ ನೋಡುತ್ತಿದ್ದಳು. ಕಪ್ಪು ಚುಕ್ಕೆಗಳನ್ನು ಗುರುತಿಸುವುದು ಅಪ್ಪಯ್ಯನ ಸ್ಕ್ಯಾನಿನಿಂದ ಅವಳಿಗೆ ಗೊತ್ತಿತ್ತು. ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ಅವಳ ಮುಖದಿಂದ ಗೊತ್ತಾಯಿತು.

ಎರಡೂ ಕಡೆ ಇವೆ ಎಂದರು. ಚಿಕ್ಕವು, ಕಿಡ್ನಿ ಇನ್ನೂ ಸರಿಯಾದ ಅಳತೆಯಲ್ಲೇ ಇದೆ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ಬಿ.ಪಿ. ಹತೋಟಿಯಲ್ಲಿಟ್ಟರೆ ಬಹಳ ವರ್ಷ ಚೆನ್ನಾಗಿರಬಹುದು. ಅವರು ಹೇಳಿದ್ದೆಲ್ಲ ಕೇಳಿಸಿತು. ಭಯವಾಯಿತು. ಆದರೂ ಪಕ್ಕೆ ಒತ್ತಿ ನೋಡಿಕೊಳ್ಳುವ ಕೈಗೆ ಅವತ್ತು ಮೊದಲ ಸಲ ಕೆಲಸ ತಪ್ಪಿತು. ಹೊರಗೆ ಅಪ್ಪಯ್ಯ ನನ್ನನ್ನು ನೋಡಿ, "ನನ್ನಿಂದ..." ಎಂದು ಶುರುಮಾಡಿದ. "ಮೂಗೂ ನಿನ್ನಿಂದಾನೇ ಬಂದಿದ್ದು, ಅದಕ್ಕೆ ನಾನು ಜಗಳ ಆಡಿದೀನಾ?" ಎಂದೆ. ಅವನು ನಗಲು ಹೋಗಿ ಅತ್ತ.

ಅಮ್ಮ ರಿಪೋರ್ಟ್ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಬಸ್‌ಸ್ಟ್ಯಾಂಡಿಗೆ ನಡೆದಳು. ಅಲ್ಲಿ ಗಣೇಶ ಮಾವ ನಿಂತಿದ್ದ. ತಂಗಿಯ ಮನೆಯವರೆಲ್ಲ ಸಾಗರಕ್ಕೆ ಬಂದಿದ್ದಾರೆ ಎಂದು ಜಟ್ಟಪ್ಪನಿಂದ ಗೊತ್ತಾಗಿ ಓಡಿಬಂದಿದ್ದನಂತೆ. ಯಾಕೆ ಬಂದಿದ್ದೇವೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಕಂಕುಳಲ್ಲಿ ಗೋಣಿಚೀಲ ಸುತ್ತಿದ ಜಾಡಿ. "ಹಳೇದು ಖಾಲಿ ಆಗಿರ್ತದೆ ಅಂತ ತಂದೆ ಹೇಮ. ಈ ಸಲದ್ದು ಭಾರಿ ಪರಿಮಳ. ಧನ್ಯಂಗೂ ಇಷ್ಟ ಅಲ್ವಾ" ಎಂದು ಚಾಚಿದ.

ಅಮ್ಮ ಅಭ್ಯಾಸದಂತೆ ಎರಡೂ ಕೈ ಚಾಚಿ ತೆಗೆದುಕೊಂಡಳು. ತವರಿನಿಂದ ಬಂದದ್ದನ್ನು ಅವಳು ಜನ್ಮದಲ್ಲಿ ಬೇಡ ಎಂದವಳಲ್ಲ. ಜಾಡಿಯನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಜಟ್ಟಪ್ಪ ಸೀಟಿ ಊದಿದ. ಅಪ್ಪಯ್ಯ, ಅಜ್ಜಿ ಹತ್ತಿದರು. ನಾನು ಮೆಟ್ಟಿಲ ಮೇಲೆ ನಿಂತು ಅವಳಿಗಾಗಿ ಕಾದೆ.

ಅವಳು ಜಾಡಿಯನ್ನು ಮಾವನ ಕೈಗೆ ವಾಪಸ್ ಇಟ್ಟಳು.

"ಬೇಡ ಅಣ್ಣಯ್ಯ" ಎಂದಳು. "ನಮ್ಮನೇಲಿ ಇಬ್ರಿಗೆ ಉಪ್ಪು ಆಗದಿಲ್ಲ."